ಒರೆಸಿದ ರೆಕ್ಕೆ

೧೯೮೮ರಲ್ಲಿ, ಎಂಟನೇ ಕ್ಲಾಸಿಗೇ ನಾನು ಓದು ಬಿಟ್ಟೆ. ಹಾಗಾಗಿ ನಮ್ಮೂರಿನ ಹತ್ತನೇ ಕ್ಲಾಸಿನ ಮೇಷ್ಟ್ರ ಪಾಠ ಕೇಳಿದವನಲ್ಲ. ಅವರ ಬೆರಳು ಮಾತ್ರ ಕಣ್ಣಿಗೆ ಕಟ್ಟಿದೆ. ಬಸ್ ಟಿಕೆಟ್ಟಾಗಲಿ, ವೀಳ್ಯದೆಲೆಯಾಗಲಿ, ಎರಡು ಬೆರಳ ತುದಿಯಲ್ಲಿ, ಅದಕ್ಕೆ ನೋವಾದೀತು ಎಂಬಂತೆ ಹಿಡಿಯುತ್ತಿದ್ದರು.

ನಂಜನಗೂಡಿನಲ್ಲಿ ನನ್ನದು ಫೋಟೊ ಫ್ರೇಮಿನ ಅಂಗಡಿ. ಯಾರೇ ಫೋಟೊ ತಂದರೂ ಮೊದಲು ಕೇಳುವುದು ಒಂದೇ: "ಇದ್ದಾರಾ, ಓಗ್ಬುಟ್ರಾ?" ಹೋದವರಾದರೆ ಹಾರ ಹಾಕಲು ಮೇಲೆ ಎರಡು ಮೊಳೆ ಬಿಡಬೇಕು. ರಿಟೈರಾಗಿದ್ದ ಮೇಷ್ಟ್ರು ಗಾಜು ಒಡೆದ ಪೆಟ್ಟಿಗೆಯೊಂದನ್ನು ತಂದಿಟ್ಟಾಗಲೂ, ಒಳಗೇನಿದೆ ಎಂದು ನೋಡದೆ ಅದನ್ನೇ ಕೇಳಿದೆ.

"ಹಿಡಿದೋಳು ಹೋಗ್ಬಿಟ್ಳು ಕಣಪ್ಪ," ಅಂದರು.

ಒಳಗಿದ್ದದ್ದು ಚಿಟ್ಟೆ. ಕಪ್ಪು ರೆಕ್ಕೆಗಳ ಮೇಲೆ ನೀಲಿ ಪಟ್ಟಿ. ಮೇಷ್ಟ್ರು ಇಥಿಯೋಪಿಯಾದಲ್ಲಿ ಪಾಠ ಹೇಳುತ್ತಿದ್ದಾಗ, ಬೆಟ್ಟದ ಮೇಲಿನ ಕಾಡಿನಲ್ಲಿ ಅವರ ಹೆಂಡತಿ ಬಲೆ ಬೀಸಿ ಹಿಡಿದದ್ದಂತೆ. ಆಕೆ ಜ್ವರ ಬಂದು ಅಲ್ಲೇ ತೀರಿಕೊಂಡರು, ಮಣ್ಣೂ ಅಲ್ಲೇ.

"ಇದು ಎತ್ತರದ ಕಾಡು ಬಿಟ್ಟು ಕೆಳಗಿಳಿಯೋದೇ ಇಲ್ಲ. ನಾನೇ ಇಳಿಸ್ಕೊಂಡು ಬಂದೆ. ಅವಳದು ಅಂತ ಉಳಿದಿರೋದು ಇದೊಂದೇ. ಜೋಪಾನ."

ನನ್ನ ಕೆಲಸಕ್ಕೆ ಅಲ್ಲಿಯವರೆಗೆ ಒಬ್ಬರೂ ಕೊಂಕು ತೆಗೆದಿರಲಿಲ್ಲ. ಅವರು ಹೊರಟ ಮೇಲೆ ಗಾಜಿನ ಚೂರು ಆಯ್ದೆ. ಒಂದು ಕಡೆಯ ರೆಕ್ಕೆಯ ಮೇಲೆ ಧೂಳು ಕಂಡಿತು. ಎಲ್ಲ ಫೋಟೊ ಒರೆಸುವ ಹಾಗೆಯೇ ಬಿಳಿ ಬಟ್ಟೆಯಿಂದ ಒಮ್ಮೆ ಒರೆಸಿದೆ. ಆ ಕಡೆಯ ನೀಲಿಯೆಲ್ಲ ಬಟ್ಟೆಗೆ ಬಂತು. ರೆಕ್ಕೆ ಈರುಳ್ಳಿ ಸಿಪ್ಪೆಯ ಹಾಗೆ ಬರಿದಾಯಿತು.

ಫೋಟೊ ತಿದ್ದುವ ಬ್ರಷ್ಷನ್ನು ನೀಲಿ ಬಣ್ಣಕ್ಕೆ ಅದ್ದಿದ್ದೆ, ಮರೆತ ಕೊಡೆಗಾಗಿ ಮೇಷ್ಟ್ರು ವಾಪಸು ಬಂದರು. ನೋಡಿದರು.

"ಒರೆಸ್ಬುಟ್ಟೆ ಸಾ... ಧೂಳು ಅನ್ಕಂಡೆ."

ಪೆಟ್ಟಿಗೆಯ ಮೇಲೆ ಬಗ್ಗಿದರು. ಆಮೇಲೆ, "ಏನಯ್ಯಾ, ಚಿಟ್ಟೆಗೂ ಸ್ನಾನ ಮಾಡಿಸ್ಬಿಟ್ಯಾ?" ಅಂದರು. ನಗಲು ಹೋದರು, ಆಗಲಿಲ್ಲ. "ಬಣ್ಣ ಮಾತ್ರ ಹಚ್ಬೇಡ. ಆ ಬಟ್ಟೆ ಕೊಡು."

ಎರಡು ಬೆರಳಲ್ಲೇ ಬಟ್ಟೆ ಮಡಿಸಿ ಜೇಬಿಗಿಟ್ಟುಕೊಂಡರು. ಚಿಟ್ಟೆಯನ್ನು ಇದ್ದ ಹಾಗೆಯೇ ಫ್ರೇಮಿನಲ್ಲಿ ಕೂರಿಸಿಕೊಟ್ಟೆ. ಆಮೇಲೂ ಅಂಗಡಿಗೆ ಬಂದು ಕೂರುತ್ತಿದ್ದರು. ಆ ಮಾತು ಎತ್ತಲೇ ಇಲ್ಲ.

ಕಳೆದ ವರ್ಷ ತಿ. ನರಸೀಪುರದಿಂದ ಅವರ ತಂಗಿಯ ಮಗಳು ಬಂದಳು. ಕೈಯಲ್ಲಿ ಮೇಷ್ಟ್ರ ಫೋಟೊ. ಮೊದಲು ಕೇಳುವ ಮಾತನ್ನು ಅವತ್ತು ಕೇಳಲಿಲ್ಲ.

"ಫೋಟೊ ಹಿಂದೆ ಈ ಬಟ್ಟೆ ಇಡ್ಬೇಕಂತೆ ಅಣ್ಣ. ಚಿಟ್ಟೆ ನಿಮಗೇ ಕೊಡು ಅಂದಿದ್ರು ನಮ್ಮಾವ."

"ಅದ್ನ ಕೆಡಿಸ್ದೋನ್ಗಾ?"

"'ಅವನಿನ್ನು ಒರೆಸಲ್ಲ ಬಿಡು' ಅಂದ್ರು."

ಬಟ್ಟೆ ಒಳಗಿಟ್ಟು ಹಿಂದಿನ ಹಲಗೆ ಮುಚ್ಚಿದೆ. ಮೇಲೆ ಎರಡು ಮೊಳೆ ಹೊಡೆದೆ.

ಈಗ ನನ್ನ ಹತ್ತಿರ ಇರುವುದು ಅಂಗಡಿ ಒಂದು, ಗಾಜು ಕೊಯ್ಯುವ ಕಟರ್ ಎರಡು, ಚಿಟ್ಟೆ ಒಂದು. ಅದರಲ್ಲಿ ನೀಲಿ ಒಂದೇ ಕಡೆ.