ಚಿಕ್ಕಪ್ಪನ ಗಾಲ್ಫ್ ಮತ್ತು ಅಜ್ಜಿಯ ಕಣ

ಗೆಳತಿಯರೇ, ಇಂದು ಬೆಳಿಗ್ಗೆ ಸಗಣಿ ಸಾರಿಸಿದ ನಮ್ಮ ಜೋಳದ ಕಣದ ತುಂಬ ಬೂಟಿನ ಗುರುತುಗಳಿದ್ದವು. ಚೆಂಡು ಮಾತ್ರ ಇಟ್ಟಲ್ಲೇ ಇತ್ತು. ಗಣಿ ಕಂಪನಿಯಲ್ಲಿರುವ ಚಿಕ್ಕಪ್ಪ ಭಾನುವಾರ ಸಾಹೇಬರ ಜೊತೆ ಗಾಲ್ಫ್ ಆಡಬೇಕು. ವಾರದಿಂದ ಕೋಲು ಬೀಸುತ್ತಿದ್ದಾರೆ. ಪ್ರತಿ ಸಲವೂ ಕಾಲು ಜಾರುತ್ತದೆ.

ಅಜ್ಜಿ ಬಂದು ಮಗನನ್ನು ಗದರಿದಳು: "ಕಣದಾಗ ಕಾಲ್ಮರಿ ಹಾಕ್ಕೊಂಡು ನಿಂತೀಯಲ್ಲೋ! ತಗಿ ಮೊದ್ಲು!"

"ಬೂಟಿಲ್ದ ಇದನ್ನ ಆಡಂಗಿಲ್ಲಬೇ."

"ಹಾಕ್ಕೊಂಡು ಏನ್ ಆಡೀದಿ, ನೋಡೀನಿ."

ಚಿಕ್ಕಪ್ಪ ಬೂಟು ಬಿಚ್ಚಿ, ಬರಿಗಾಲಿನ ಬೆರಳುಗಳನ್ನು ನೆಲಕ್ಕೂರಿ ಬೀಸಿದರು. ಚೆಂಡು ಹುಣಸೆಮರ ದಾಟಿತು.

"ನೋಡಿದ್ಯೇನವಾ? ಕೈ ಕುದುರ್ತು!" ಎಂದು ನನಗೆ ಹೇಳಿ, ಭಾನುವಾರಕ್ಕೆಂದು ಬೂಟಿಗೆ ಪಾಲಿಶ್ ಹಚ್ಚುತ್ತ ಕೂತರು.

ಅವರಿಗೆ ತಿಳಿಹೇಳುವ ಧೈರ್ಯ ನನಗಿಲ್ಲ. ಶನಿವಾರ ಆ ಬೂಟುಗಳನ್ನು ಹೊಲಿಗೆಗೆ ಕೊಟ್ಟು, ಸೋಮವಾರ ತರುತ್ತೇನೆ.