ಭಾವ ಕಂಪ್ಯೂಟರಿಗೆ ಕಣ್ಣು ಕೊಡಿಸಿದ್ದು

ನಮ್ಮ ಭಾವನದು ಲಿಫ್ಟ್ ರಿಪೇರಿ ಕೆಲಸ. ಜೀವಮಾನವೆಲ್ಲ ಕತ್ತಲೆ ಗುಂಡಿಯಲ್ಲಿ ನಿಂತು, ಗ್ರೀಸ್ ಮೆತ್ತಿದ ಕೈಯಲ್ಲಿ ಕಂಡವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸಿದವರು. ಮಾತು ಕಮ್ಮಿ, ಹಟ ಜಾಸ್ತಿ. ಅವರದೊಂದು ನೇಮವಿತ್ತು: ಹೊಸದು ನೆಟ್ಟಗೆ ನಡೆಯುವುದನ್ನು ಕಣ್ಣಾರೆ ಕಾಣುವವರೆಗೆ ಹಳೆಯದನ್ನು ತೆಗೆಯಬಾರದು. ಮನೆಯಲ್ಲೂ ಅಷ್ಟೇ. ಹೊಸ ಮಿಕ್ಸಿಯ ಪಕ್ಕ ಹಳೇ ಮಿಕ್ಸಿ, ಹೊಸ ಚಪ್ಪಲಿಯ ಪಕ್ಕ ಹಳೇ ಚಪ್ಪಲಿ. "ಇದೇನು ಮನೇನಾ, ಗುಜರಿ ಅಂಗಡೀನಾ?" ಎಂದು ನಮ್ಮಕ್ಕ ದಿನಾ ಬೈಯುತ್ತಿದ್ದಳು. ಕೆಳಗಿನ ಮನೆಯಲ್ಲಿದ್ದ ನನಗೂ ಕೇಳಿಸುತ್ತಿತ್ತು. ಅವಳಿಗೆ ಬಾಯಿದ್ದ ಕಾಲದ ಮಾತು.

ಅಂಥ ಬಾಯಿಯವಳಿಗೆ ನರಗಳ ಕಾಯಿಲೆ ಬಂತು. ಮೊದಲು ಕೈ ಹೋಯಿತು, ಆಮೇಲೆ ಕಾಲು. ನಾಲಿಗೆ ತೊದಲತೊಡಗಿತು. ಒಂದು ಬೆಳಗ್ಗೆ ಭಾವ ಹಾಲು ಕುಡಿಸುತ್ತಿದ್ದಾಗ, "ರೀ, ಒಂದು ಮಾತು ಹೇಳ್ಬೇಕು. ನೀವು..." ಎಂದಳು. ಹಾಲು ನೆತ್ತಿಗೆ ಹತ್ತಿತು. ಕೆಮ್ಮು ನಿಂತಿತು, ಮಾತು ಮಾತ್ರ ಮತ್ತೆ ಬರಲಿಲ್ಲ.

'ನೀವು' ಆದಮೇಲೆ ಏನು? ಭಾವನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಅಕ್ಕನಿಗೆ ಉಳಿದದ್ದು ರೆಪ್ಪೆ ಮಾತ್ರ. ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ. ಭಾವ ಅವಳೆದುರು ಸ್ಟೂಲ್ ಹಾಕಿಕೊಂಡು, ನೀರು ಬೇಕಾ, ಮಗ್ಗುಲಾಗ್ತೀಯಾ, ಫ್ಯಾನ್ ಹಾಕ್ಲಾ ಎಂದು ಕೇಳುತ್ತಿದ್ದರು. ನಡುನಡುವೆ, "ಅವತ್ತು ನನ್ನ ಮೇಲೆ ಸಿಟ್ಟಿತ್ತಾ?" ಇಲ್ಲ. "ಏನಾದ್ರೂ ತರೋಕೆ ಹೇಳ್ತಿದ್ಯಾ?" ಇಲ್ಲ. ಹೀಗೆ ಕೇಳಿ ಕೇಳಿ ಸಾಕಾಗಿತ್ತು. ಅಷ್ಟರಲ್ಲಿ ಡಾಕ್ಟರು, ರೆಪ್ಪೆಯೂ ಒಂದಿನ ಸೋಲಬಹುದು, ಯಾವಾಗ ಅಂತ ಹೇಳೋಕಾಗಲ್ಲ ಎಂದರು. ಅಂದಿನಿಂದ ಭಾವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ.

ರೆಪ್ಪೆ ನೋಡಿಕೊಂಡು ಕಂಪ್ಯೂಟರೇ ಅಕ್ಷರ ಬರೆಯುವಂತೆ ಮಾಡಬಹುದು ಎಂದು ಯಾರೋ ಅವರ ಕಿವಿಗೆ ಹಾಕಿದರು. ಕ್ಯಾಮೆರಾದ ಚಿತ್ರದಲ್ಲಿ ಮುಖ ಯಾವುದು, ಕಣ್ಣು ಯಾವುದು ಎಂದು ಗುರುತಿಸುವ ಓಪನ್‌ಸಿವಿ ಎಂಬ ಲೈಬ್ರರಿ ಇದೆಯಂತೆ. ಲೈಬ್ರರಿ ಎಂದರೆ ಪುಸ್ತಕದ್ದಲ್ಲ, ಬಲ್ಲವರು ಬರೆದಿಟ್ಟ ಪ್ರೋಗ್ರಾಮುಗಳ ಗಂಟು. ಅದನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡರೆ ಮುಕ್ಕಾಲು ಕೆಲಸ ಆದಂತೆ. ಪ್ಲಗ್ ಇದ್ದದ್ದು ಕಿಟಕಿಯ ಗೋಡೆಯಲ್ಲಿ, ಮೇಜೂ ಅಲ್ಲೇ. ಭಾವ ಸ್ಟೂಲನ್ನು ಮೂಲೆಗೆ ಸರಿಸಿ, ಅಕ್ಕನಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತರು.

ಕೂತವರು ಏಳಲೇ ಇಲ್ಲ. ಪ್ರೋಗ್ರಾಮ್ ಓಡಿಸಿದರೆ, ಲೈಬ್ರರಿ ಇಲ್ಲ ಎಂದು ಕೆಂಪಕ್ಷರ. ಇಳಿಸಲು ಹೋದರೆ, ಆಗಲೇ ಇದೆ ಎಂಬ ಉತ್ತರ. ಮತ್ತೆ ಓಡಿಸಿದರೆ, ಇಲ್ಲ. "ಇದೆ ಅನ್ನೋದೂ ಇದೇ, ಇಲ್ಲ ಅನ್ನೋದೂ ಇದೇ. ನನ್ನನ್ನೇನು ಮಂಗ ಮಾಡ್ತಿದೆಯಾ?" ಎಂದು ಮೇಜು ಗುದ್ದುತ್ತಿದ್ದರು.

"ಭಾವ, ಅಕ್ಕನ್ನ ಸ್ವಲ್ಪ ಮಾತಾಡಿಸಿ," ಎಂದರೆ, "ಇದೊಂದು ಆಗ್ಲಿ ಇರಮ್ಮ. ಆಮೇಲೆ ಅವಳೇ ಮಾತಾಡ್ತಾಳೆ," ಎನ್ನುವರು.

ನೀರು, ಮಗ್ಗುಲು, ಫ್ಯಾನು ಎಲ್ಲ ನನ್ನ ಪಾಲಿಗೆ ಬಂತು. ನಾನು ಏನು ಕೇಳಿದರೂ ಅಕ್ಕ ಒಮ್ಮೆ ರೆಪ್ಪೆ ಆಡಿಸಿ, ಮತ್ತೆ ಆ ಬೆನ್ನನ್ನೇ ನೋಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಚಳಿ ಕಳೆದು ಸೆಕೆ ಶುರುವಾದ ಮೇಲೆ ಗುಟ್ಟು ಬಯಲಾಯಿತು. ಪ್ರೋಗ್ರಾಮ್ ಓಡಿಸಲು ಪೈಥಾನ್ ಎಂಬುದೊಂದು ಬೇಕು. ಭಾವ ಹೊಸದನ್ನು ಹಾಕಿಕೊಂಡಿದ್ದರು, ಆದರೆ ತಮ್ಮ ನೇಮದಂತೆ ಹಳೆಯದನ್ನು ತೆಗೆದಿರಲಿಲ್ಲ. ಲೈಬ್ರರಿ ಹೋಗಿ ಕೂತದ್ದು ಹಳೆಯದರಲ್ಲಿ, ಇವರು ಪ್ರೋಗ್ರಾಮ್ ಓಡಿಸುತ್ತಿದ್ದದ್ದು ಹೊಸದರಲ್ಲಿ. ನಮ್ಮ ಮನೆಗೆ ಸಾಮಾನು ಇಳಿಸಿ ಅವರ ಮನೆಯಲ್ಲಿ ಹುಡುಕಿದ ಹಾಗೆ. "ಥೂ, ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡರು.

"ಮಿಕ್ಸಿ ಆಯ್ತು, ಚಪ್ಪಲಿ ಆಯ್ತು, ಈಗ ಇದೂ ಎರಡು. ಯಾವ ಹಳೇದನ್ನೂ ಬಿಡಲ್ಲ ನೀವು. ಬಿಟ್ಟಿದ್ದು ಆ ಸ್ಟೂಲ್ ಒಂದೇ," ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ, ಬೇಕೆಂದೇ ಅಂದದ್ದು. ಅವರಿಗೆ ಕೇಳಿಸಿತೋ ಇಲ್ಲವೋ.

ಆ ವಾರ ಕಂಪ್ಯೂಟರಿಗೆ ಕಣ್ಣು ಬಂತು. ಪರದೆಯ ಮೇಲೆ ಭಾವನ ಮುಖ, ಕಣ್ಣುಗಳ ಸುತ್ತ ಹಸಿರು ಚೌಕ. ಕೆಳಗೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ. ಬೇಕಾದದ್ದು ಬಂದಾಗ ಕಣ್ಣು ಮುಚ್ಚಬೇಕು. ಭಾವ ಒಂದಕ್ಷರ ಬರೆದರು. ನಾನೂ ಬರೆದೆ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಭಾವ ಕ್ಯಾಮೆರಾವನ್ನು ಅಕ್ಕನ ಕಡೆ ತಿರುಗಿಸಿದರು.

ಚೌಕ ಬಂತು. ಅಕ್ಷರಗಳ ಸಾಲು ಮುಗಿದು ಮತ್ತೆ ಮೊದಲಿಂದ ಶುರುವಾಯಿತು. ಪರದೆ ಖಾಲಿ. "ಮುಚ್ಚೇ, ಗಟ್ಟಿಯಾಗಿ ಮುಚ್ಚು," ಎಂದು ಭಾವ ಪರದೆಯನ್ನೇ ನೋಡುತ್ತ ಹೇಳಿದರು. "ಬೆಳಕು ಸಾಲ್ದು," ಎಂದು ಲೈಟ್ ಹಾಕಿದರು. ಕ್ಯಾಮೆರಾ ಒರೆಸಿದರು.

"ಅದನ್ನಲ್ಲ ಭಾವ, ಅವಳನ್ನ ನೋಡಿ!" ಎಂದು ಕೂಗಿಬಿಟ್ಟೆ.

ತಿರುಗಿದರು. ಅಕ್ಕನ ರೆಪ್ಪೆ ಇಳಿಯಲು ಹೊರಟು, ಚೂರು ಅದುರಿ, ಅಲ್ಲೇ ನಿಲ್ಲುತ್ತಿತ್ತು. ದಿನಾ ನೋಡುತ್ತಿದ್ದ ನನಗೇ ಅದು ಇಷ್ಟು ಸೋತಿದ್ದು ತಿಳಿದಿರಲಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ತೆರೆದ ಕಣ್ಣೇ.

ಭಾವ ಮೂಲೆಯ ಸ್ಟೂಲ್ ಎಳೆದು ಅವಳೆದುರು ಕೂತರು. ಮುಖವನ್ನು ಅವಳ ಮುಖದ ಹತ್ತಿರ ತಂದು ಬಾಯಲ್ಲೇ ಶುರುಮಾಡಿದರು: "ಅ... ಆ... ಇ..." ರೆಪ್ಪೆ ಅದುರಿದಲ್ಲಿ ನಿಲ್ಲಿಸಿ, "ಇದಾ?" ಎಂದು ಕೇಳಿದರು. ಅವರಿಗೆ ಕಾಣುತ್ತಿತ್ತು. ಇದಕ್ಕೆ ಕ್ಯಾಮೆರಾ ಬೇಕಿರಲಿಲ್ಲ, ಯಾವ ಲೈಬ್ರರಿಯೂ ಬೇಕಿರಲಿಲ್ಲ. ಅಕ್ಕನ ರೆಪ್ಪೆ ಗಟ್ಟಿಯಿದ್ದಾಗಲೇ ಮಾಡಬಹುದಿತ್ತು. ನಮ್ಮಿಬ್ಬರಿಗೂ ಹೊಳೆಯಲಿಲ್ಲ.

"ಅವತ್ತು 'ನೀವು' ಅಂತ ಏನೋ ಹೇಳೋಕೆ ಬಂದಿದ್ಯಲ್ಲ, ಅದನ್ನ ಹೇಳು," ಎಂದರು ಭಾವ.

ಅಕ್ಷರ ಸಿಕ್ಕಮೇಲೆ ಅದರ ಕಾಗುಣಿತವನ್ನೂ ಹೇಳಬೇಕು, ಬಹಳ ಹೊತ್ತು ಹಿಡಿಯಿತು. ಮೊದಲು ಮ ಬಂತು. ಆಮೇಲೆ ರೆ. ಆಮೇಲೆ ತೆ.

"ಮರೆತೆ," ಎಂದು ಭಾವ ಕೂಡಿಸಿ ಓದಿದರು. "ಮರ್ತೇ ಹೋಯ್ತಾ?"

ರೆಪ್ಪೆ ಒಮ್ಮೆ ಅದುರಿತು. ಹೌದು.

ಭಾವ ನಕ್ಕರು. "ಅಯ್ಯೋ ನಿನ್ನ! ಅದಕ್ಕೋಸ್ಕರ ನಾನು..." ಎಂದು ಆ ಕಂಪ್ಯೂಟರಿನ ಕಡೆ ಕೈ ತೋರಿಸಿದವರು, ಹಾಸಿಗೆಯ ಅಂಚಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಅಕ್ಕ ಅವರನ್ನೇ ನೋಡುತ್ತಿದ್ದಳು.

ಅದೇ ಅವಳ ಕೊನೆಯ ಮಾತಾಯಿತು. ಆ ತಿಂಗಳಲ್ಲೇ ರೆಪ್ಪೆಯೂ ನಿಂತುಹೋಯಿತು, ಉಸಿರೊಂದು ಉಳಿಯಿತು. ಭಾವ ಈಗ ಸ್ಟೂಲ್ ಬಿಟ್ಟು ಏಳುವುದಿಲ್ಲ. "ನೀರು ಬೇಕಾ?" ಎಂದು ಕೇಳಿ ಕಾಯುತ್ತಾರೆ. ಕಾದು ಕಾದು ನನ್ನ ಕಡೆ ತಿರುಗಿ, "ರೆಪ್ಪೆ ಆಡಿಸಿದ್ಲಾ? ನಂಗ್ಯಾಕೋ ಸರಿಯಾಗಿ ಕಾಣ್ಲಿಲ್ಲ," ಎನ್ನುತ್ತಾರೆ.

"ಹೂಂ ಭಾವ, ಆಡಿಸಿದ್ಲು," ಎನ್ನುತ್ತೇನೆ.