ಸಾಲು ತಪ್ಪಿದ ನೇಗಿಲು

ಹುಚ್ಚಾಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತನಿಗೆ ಎಲ್ಲರೂ ಇಟ್ಟ ಹೆಸರು ಡಿಕ್ಷನರಿ. ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವಾಗ, ಕಾಯಿಲೆಯ ಕಾಲಮ್ಮಿನಲ್ಲಿ ಹಿಂದಿನ ಡಾಕ್ಟರುಗಳು ಬರೆದಿದ್ದ ಇಂಗ್ಲಿಷ್ ಪದಗಳನ್ನು ಬಿಟ್ಟು ಆಯಾ ಕಾಯಿಲೆಯ ಹೊಸ ಸಂಕೇತ ಸಂಖ್ಯೆ ಹಾಕಬೇಕಿತ್ತು. ಅವನೋ, ಅಳಿಸಿಹೋಗಲಿರುವ ಒಂದೊಂದು ಪದದ ಹುಟ್ಟನ್ನೂ ದಪ್ಪ ನಿಘಂಟಿನಲ್ಲಿ ಹುಡುಕದೆ ಮುಂದಿನ ಹೆಸರಿಗೆ ಹೋಗುತ್ತಿರಲಿಲ್ಲ.

"ಲೂನಟಿಕ್ ಅಂದ್ರೆ ಚಂದ್ರ ಬಡಿದವನಂತೆ, ಸಿಸ್ಟರ್. ಮೆಲಂಕಲಿ ಅಂದ್ರೆ ಕಪ್ಪು ಪಿತ್ತ. ಹಿಸ್ಟೀರಿಯಾಕ್ಕೆ ಗರ್ಭಕೋಶವೇ ಮೂಲ."

"ಅದಕ್ಕೂ ನಾವೇ ಬೇಕಿತ್ತಾ?" ನರ್ಸ್ ನಕ್ಕಳು. "ಕ್ರೇಜಿ ಅಂದ್ರೆ?"

"ಬಿರುಕು ಬಿಟ್ಟದ್ದು."

"ಹಾಗಾದ್ರೆ ನಮ್ಮ ಬಾತ್‌ರೂಮಿನ ಗೋಡೆಗೆ ಮೊದಲು ಅಡ್ಮಿಷನ್ ಕೊಡಿ."

ಅವನೂ ನಕ್ಕ. ಆದರೆ ಅವನು ಕಾಯುತ್ತಿದ್ದುದು ಒಂದೇ ಒಂದು ಹೆಸರಿಗೆ. ಅವನಿಗೆ ಆರು ವರ್ಷವಿದ್ದಾಗ ಅಪ್ಪ ಅಕ್ಕನನ್ನು ಎಲ್ಲಿಗೋ ಕರೆದೊಯ್ದು ಒಬ್ಬನೇ ಮರಳಿದ್ದ. ಮನೆಯಲ್ಲಿ ಮತ್ತೆ ಯಾರೂ ಅವಳ ಸುದ್ದಿ ಎತ್ತಲಿಲ್ಲ. ಸಾಯುವ ಮುಂಚೆ ಅಮ್ಮ ಈ ಆಸ್ಪತ್ರೆಯ ಹೆಸರು ಹೇಳಿದಳು. ಅವನು ಇಲ್ಲಿಯೇ ಕೆಲಸ ಹಿಡಿದು ಹನ್ನೊಂದು ವರ್ಷವಾಯಿತು. ವಾರ್ಡಿನ ಪಟ್ಟಿಯಲ್ಲಿ ಹೆಸರು ನೋಡಿ ಗುರುತು ಹಿಡಿದಿದ್ದ. ಹೊಲಿಗೆ ಕೋಣೆಯಲ್ಲಿ ದಿಂಬಿನ ಕವರು ಹೊಲಿಯುವ ಅಕ್ಕನನ್ನು ದಿನಕ್ಕೆರಡು ಸಲ ಬಾಗಿಲಾಚೆಯಿಂದ ನೋಡಿಕೊಂಡು ಹೋಗುವನು. ಮಾತಾಡಿಸಲು ಬಾಯಿ ಬರಲಿಲ್ಲ, ಅವಳ ಹಳೆಯ ದಾಖಲೆಯನ್ನು ತಾನಾಗಿ ಹುಡುಕಿ ತೆರೆಯಲೂ ಧೈರ್ಯ ಬರಲಿಲ್ಲ. ಅವಳನ್ನು ಹಿಡಿದದ್ದು ತನ್ನ ರಕ್ತದಲ್ಲೂ ಇದ್ದರೆ? ಆ ಭಯಕ್ಕೇ ಅವನು ಮದುವೆಯನ್ನೂ ಆಗಿರಲಿಲ್ಲ.

ಒಂದು ಮಧ್ಯಾಹ್ನ ಆ ಹೆಸರು ಸಿಕ್ಕಿತು. ಕಾಯಿಲೆ: ಡೆಲಿರಿಯಂ. ಕರೆತಂದವರು ಎಂಬಲ್ಲಿ ಅಪ್ಪನ ಅಕ್ಷರದಲ್ಲೇ 'ಪಕ್ಕದ ಮನೆಯವನು' ಎಂದಿತ್ತು. ಕೆಳಗೆ ಡಾಕ್ಟರ ಷರಾ: ಹತ್ತು ದಿನಕ್ಕೆ ಜ್ವರ ಇಳಿದಿದೆ, ಮನೆಗೆ ಕಳಿಸಬಹುದು, ಕೊಟ್ಟ ವಿಳಾಸದಲ್ಲಿ ಯಾರೂ ಸಿಗಲಿಲ್ಲ.

ನಿಘಂಟು ತೆರೆದ. ಉಳುವಾಗ ನೇಗಿಲು ಸಾಲು ತಪ್ಪುವುದು, ಅದು ಆ ಪದದ ಮೂಲ. ಜ್ವರದ ತಾಪಕ್ಕೆ ಬರುವ ಬಡಬಡಿಕೆ. ತಾಪ ಇಳಿದರೆ ಸಾಮಾನ್ಯವಾಗಿ ತಾನೂ ಇಳಿಯುತ್ತದೆ.

ನಲವತ್ತು ವರ್ಷ.

ಅವನು ಸಂಖ್ಯೆ ಹಾಕದೆ ಎದ್ದು ಹೊಲಿಗೆ ಕೋಣೆಗೆ ಹೋದ.

"ಅಕ್ಕಾ."

ಅವಳು ತಲೆ ಎತ್ತದೆ ಹಲ್ಲಿನಿಂದ ದಾರ ಕಚ್ಚಿ ಕತ್ತರಿಸಿದಳು. "ಅಷ್ಟು ಕರೆಯೋಕೆ ಇಷ್ಟು ವರ್ಷ ಬೇಕಾಯ್ತೇನೋ?"

"ನಿಂಗೆ ಗೊತ್ತಿತ್ತಾ?"

"ಅಪ್ಪನದೇ ನಡಿಗೆ ನಿಂದು. ನೀನು ನೋಡದ ಹಾಗೆ ನೋಡ್ಕೊಂಡು ಹೋಗ್ತಿದ್ದೆ. ನನ್ನ ಅಕ್ಕ ಅನ್ನೋಕೆ ನಾಚಿಕೆಯೇನೋ ಅಂತ ನಾನೂ ಸುಮ್ಮನಿದ್ದೆ."

"ನಿಂಗೆ ಬಂದಿದ್ದು ಬರೀ ಜ್ವರ, ಅಕ್ಕಾ."

"ನಂಗೆ ಗೊತ್ತಿಲ್ವಾ? ಯಾರಿಗೆ ಹೇಳ್ಲಿ? ಇಲ್ಲಿ ಎಲ್ಲರೂ ಹಾಗೇ ಹೇಳ್ತಾರೆ." ಮಿಷನ್ನಿನ ಮೇಲಿದ್ದ ಬಟ್ಟೆಯನ್ನು ಸರಿಸಿದಳು. "ಮನೇಲಿ ಹೆಂಡ್ತಿ, ಮಕ್ಕಳು?"

ಅವನು ಇಲ್ಲವೆಂದು ತಲೆಯಾಡಿಸಿದ.

"ಯಾಕೋ?"

ಅವನು ತನ್ನ ಮುಂಗೈಯ ರಕ್ತನಾಳದ ಮೇಲೆ ಬೆರಳಿಟ್ಟ. ಅವಳು ಆಗ ಮೊದಲ ಬಾರಿ ತಲೆ ಎತ್ತಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ತನಗೆ ಆದದ್ದಕ್ಕೆ ಅಳದವಳ ಕಣ್ಣು ತುಂಬಿತು.

"ಅಯ್ಯೋ ಪೆದ್ದ," ಎಂದು ಬೆಂಚಿನ ಮೇಲೆ ಒಂದಿಷ್ಟು ಸರಿದಳು. "ಕೂತ್ಕೋ ಬಾ."